ಆಕ್ಸಿಲರೇಟರಿಗೆ ತೊಡಿಸಿದ ರಬ್ಬರ್ ಬಳೆ

“ಈಗ ಕೈ ಬಿಡಿ.”

ಗುಂಡಣ್ಣ ಕೈ ಬಿಟ್ಟ. ಸ್ಟ್ಯಾಂಡ್ ಹಾಕಿದ್ದ ಬೈಕಿನ ಆಕ್ಸಿಲರೇಟರ್ ಅರ್ಧ ತಿರುಗಿದ್ದು ಹಾಗೆಯೇ ನಿಂತಿತು. ಎಂಜಿನ್ ಆಫ್ ಆಗಿತ್ತು, ಕೀಲಿ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಆದರೂ ಅವನು ಎರಡೂ ಕಾಲನ್ನು ನೆಲಕ್ಕೆ ಊರಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದ.

“ಈಗ ಮುಂದಕ್ಕೆ ತಳ್ಳಿ. ಬಲಗೈ ಒಂದರಲ್ಲೇ.”

ತಳ್ಳಿದ. ಅದು ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಳ್ಳಿದ ಮೇಲೆ ಕರಕರ ಅಂದು ಸ್ವಲ್ಪ ಜರುಗಿತು.

“ಇದು ಬೇಡ,” ಎಂದು ಪುಟ್ಟಲಕ್ಷ್ಮಿ ಆಕ್ಸಿಲರೇಟರನ್ನು ಹಿಡಿದಿಡುವ ತಿರುಪಿನ ಲಾಕನ್ನು ಬಿಚ್ಚಿ ಭೀಮರಾಜನ ಗಾಜಿನ ಕೌಂಟರಿನ ಮೇಲಿಟ್ಟಳು. “ಸಡಿಲ ಮಾಡೋಕೆ ಎಡಗೈ ಬೇಕು. ಎಡಗೈ ಆ ಕಡೆ ಹೋದ್ರೆ ಕ್ಲಚ್ ಹಿಡಿಯೋರು ಯಾರು, ನೀವಾ?”

“ನನ್ನ ಎರಡು ಕೈಯೂ ನಿನ್ನ ಸೊಂಟದ ಹತ್ರ ಬಿಜಿ ಇರುತ್ತಲ್ಲ, ಲಕ್ಷ್ಮಿ.”

ಕೊಡಿಗೇಹಳ್ಳಿಯ ಭೀಮರಾಜ್ ನಗು ತಡೆಯಲಾರದೆ ಆ ಕಡೆ ತಿರುಗಿ ಸ್ಪ್ಯಾನರ್ ಹುಡುಕಿದ. ಮುಂದೆ ಬಿಡಿಭಾಗಗಳ ಅಂಗಡಿ, ಹಿಂದೆ ಹೊಂಗೆಮರದ ಅಂಗಳದಲ್ಲಿ ಗ್ಯಾರೇಜು. ಎರಡಕ್ಕೂ ಅವನೊಬ್ಬನೇ ಯಜಮಾನ.

ಹೋದ ಭಾನುವಾರ ಬೈಕ್ ಬಳಗದ ತಿಂಡಿ ಸವಾರಿಯಲ್ಲಿ ನೂರೀನಳ ಬೈಕಿನ ಆಕ್ಸಿಲರೇಟರ್ ಕಚ್ಚಿಕೊಂಡು, ಗಾಡಿ ಅವಳ ಸಮೇತ ಅಲ್ಲಾಳಸಂದ್ರದ ಕೆರೆಗೆ ಇಳಿದದ್ದು ಓದುಗರಿಗೆ ನೆನಪಿರಬಹುದು. ಹುಡುಗಿಗೆ ಒಂದು ಗೀರೂ ಆಗಿರಲಿಲ್ಲ, ತಲೆಯ ಮೇಲೆ ಅಂತರಗಂಗೆಯ ಗೊಂಚಲು ಹೊತ್ತು ನಗುತ್ತಲೇ ಎದ್ದು ಬಂದಿದ್ದಳು. ಪೆಟ್ಟು ಬಿದ್ದದ್ದು ಬೇರೆ ಕಡೆಗೆ.

ನಾಳೆ ಬೆಳಿಗ್ಗೆ ‘ಕೆರೆ ಏರಿ’ ಬೈಕ್ ಬಳಗ, ಪುಟ್ಟಲಕ್ಷ್ಮಿ ದಂಪತಿಯೂ ಸೇರಿ, ಧನುಷ್ಕೋಟಿಗೆ ಹೊರಡುವುದಿತ್ತು. ಎಲ್ಲರ ಮುಂದೆ ಕಿತ್ತಳೆ ಬಣ್ಣದ ಕೋಟು ತೊಟ್ಟು ದಾರಿ ತೋರಿಸಬೇಕಾದವಳು ನೂರೀನ್. ಬಳಗ ಹುಟ್ಟಿದಂದಿನಿಂದ ಹೆಂಗಸೊಬ್ಬಳು ಮುಂದೆ ಹೋದದ್ದಿಲ್ಲ. ಈಗ ಅಧ್ಯಕ್ಷ ಶ್ರೀಕಾಂತ್, ಅಗ್ಗದ ಥ್ರಾಟಲ್ ಲಾಕ್ ಹಾಕಿಕೊಂಡು ಕೆರೆಗೆ ಬಿದ್ದವಳ ಹಿಂದೆ ನಾವ್ಯಾರೂ ಬರುವುದಿಲ್ಲ ಎಂದು ಕೂತಿದ್ದ. ಸಂಜೆ ಇದೇ ಅಂಗಳದಲ್ಲಿ ಸಭೆ. ತಪ್ಪು ನೂರೀನಳದ್ದಲ್ಲ ಎಂದು ಅಷ್ಟರೊಳಗೆ ತೋರಿಸಬೇಕು, ಇಲ್ಲವಾದರೆ ಕಿತ್ತಳೆ ಕೋಟು ಬೇರೆಯವರ ಮೈಗೆ.

ಕೊಡಿಗೇಹಳ್ಳಿಯ ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು, ಮದುವೆ ಗಂಡುಗಳ ಪೂರ್ವಾಪರ ವಿಚಾರಿಸಿ ಹೆಸರು ಮಾಡಿದ್ದ ಪತ್ತೇದಾರಿಣಿ ಪುಟ್ಟಲಕ್ಷ್ಮಿ ಇಡೀ ವಾರ ಶ್ರೀಕಾಂತನ ಹಿಂದೆ ಅಲೆದು ತಂದದ್ದು ಬರೀ ಬಿಸಿಲು. ಈಗ ನೋಡಿದರೆ ಕೇಸನ್ನು ಪಕ್ಕಕ್ಕಿಟ್ಟು ತನಗೊಂದು ಲಾಕ್ ಆರಿಸುತ್ತ ನಿಂತಿದ್ದಾಳೆ. ಗುಂಡಣ್ಣನಿಗೆ ಒಳಗೊಳಗೇ ಸಿಟ್ಟು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಮೇಲೆ ಅವನು ಅವಳ ಸಹಾಯಕ, ಲೆಕ್ಕಿಗ, ಹಿಂದಿನ ಸೀಟಿನ ಸವಾರ, ಎಲ್ಲವೂ ಆಗಿದ್ದ. ಸಿಟ್ಟು ಮಾಡುವ ಹಕ್ಕು ತನಗಿದೆ ಎಂದು ಅವನ ನಂಬಿಕೆ.

“ಸಂಜೆ ಸಭೆ ಇಟ್ಕೊಂಡು ಶಾಪಿಂಗ್ ಮಾಡ್ತಿದ್ದೀಯಲ್ಲ.”

“ಕೃಷ್ಣಗಿರಿ ದಾಟೋ ಅಷ್ಟರಲ್ಲಿ ನನ್ನ ಬಲಗೈ ಜೋಮು ಹಿಡಿಯುತ್ತೆ ಕಣ್ರೀ. ಆಕ್ಸಿಲರೇಟರ್ ಹಿಡಿದು ಹಿಡಿದು ಮಣಿಕಟ್ಟು ಊದ್ಕೊಳ್ಳುತ್ತೆ. ಎರಡು ನಿಮಿಷ ಕೈ ಬಿಟ್ಟು ಬೆರಳು ಆಡಿಸೋಕೆ ಏನಾದ್ರೂ ಬೇಡ್ವಾ? ಹೋದ ಸಲ ಮನೇಗೆ ಬಂದ್ಮೇಲೆ ಚಪಾತಿ ಲಟ್ಟಿಸಿದ್ದು ನೀವೇ ಅಲ್ವಾ?”

ಆ ಚಪಾತಿಗಳ ನೆನಪಾಗಿ ಗುಂಡಣ್ಣ ತೆಪ್ಪಗಾದ.

ಭೀಮರಾಜ್ ಮುಂದಿನದನ್ನು ತೆಗೆದ. ಹೊಳೆಯುವ ಲೋಹದ್ದು, ವಿದೇಶದ ಮಾಲು, ವೆಲ್ವೆಟ್ ಪೆಟ್ಟಿಗೆಯಲ್ಲಿ ಮಲಗಿತ್ತು. “ಅಕ್ಕ, ಶ್ರೀಕಾಂತ್ ಸಾರ್ ಗಾಡಿಗೆ ಇದೇ ಆಕಿರೋದು. ಇಂಗೆ ಒಂಚೂರು ತಿರುಗ್ಸಿದ್ರೆ ಸಾಕು, ಬೆಣ್ಣೆ ಇದ್ದಂಗೆ.”

ಪುಟ್ಟಲಕ್ಷ್ಮಿ ಬೆಲೆಯ ಚೀಟಿ ನೋಡಿ ಪೆಟ್ಟಿಗೆ ಮುಚ್ಚಿದಳು. “ಈ ದುಡ್ಡಿಗೆ ಮಗಳಿಗೆ ಓಲೆ ಬರುತ್ತೆ. ಮುಂದಿಂದು.”

ಮುಂದಿನದು ಅಂಗೈ ಊರುವ ಪ್ಲಾಸ್ಟಿಕ್ ತಟ್ಟೆ. ಹಿಡಿಗೆ ಸಿಕ್ಕಿಸಿದರೆ ಬೆರಳು ಸಡಿಲಬಿಟ್ಟು ಅಂಗೈಯಿಂದ ಒತ್ತಿಕೊಂಡು ಹೋಗಬಹುದು. ಅವಳಿಗೆ ಇಷ್ಟವಾಯಿತು. ಆಮೇಲೆ ಬ್ರೇಕ್ ಹಿಡಿಯುವಂತೆ ಬೆರಳು ಚಾಚಿದಳು, ಅಂಗೈ ತಟ್ಟೆಯನ್ನು ಒತ್ತಿ ಆಕ್ಸಿಲರೇಟರ್ ತಾನಾಗಿ ತಿರುಗಿತು.

“ಹೈವೇಲಿ ಸರಿ. ಹೆಬ್ಬಾಳದ ಫ್ಲೈಓವರ್ ಕೆಳಗೆ ಬ್ರೇಕ್ ಹಿಡಿಯೋಕೆ ಹೋಗಿ ಮುಂದಿನ ಕಾರಿಗೆ ಮುತ್ತು ಕೊಡ್ತೀನಿ. ಬೇಡ.”

“ಇನ್ನ ಉಳಿದಿರೋದು ನೂರೀನ್ ಮೇಡಮ್ ಆಕ್ಕೊಂಡಿದ್ದಂತದೇ,” ಎಂದು ಭೀಮರಾಜ್ ಜೇಬಿನಿಂದ ಒಂದು ಕಪ್ಪು ರಬ್ಬರ್ ಬಳೆ ತೆಗೆದ. ನಲ್ಲಿಯ ಪೈಪು ಸೋರದಿರಲೆಂದು ಹಾಕುತ್ತಾರಲ್ಲ, ಅದೇ. “ಪಕ್ಕದ ನಲ್ಲಿ ಸಾಮಾನಿನ ಅಂಗಡೀಲಿ ಸಿಗ್ತದೆ. ಒಂದು ಕಾಫಿ ದುಡ್ಡು.”

ಇಂಥದೇ ಬಳೆಯ ಮಾತು ಹಿಡಿದುಕೊಂಡು ಶ್ರೀಕಾಂತ್ ವಾರವೆಲ್ಲ ಕುಣಿದಿದ್ದ. ಪುಟ್ಟಲಕ್ಷ್ಮಿ ಅದನ್ನು ಹಿಡಿಯ ಹೊರತುದಿಗೆ, ಹ್ಯಾಂಡಲಿನ ಕೊನೆಯ ಗುಂಡಿಗೂ ಹಿಡಿಗೂ ನಡುವಿನ ಸಂದಿಗೆ ಉರುಳಿಸಿ ಕೂರಿಸಿದಳು.

“ತಿರುಗಿಸಿ. ಬಿಡಿ.”

ಆಕ್ಸಿಲರೇಟರ್ ನಿಂತಿತು.

“ತಳ್ಳಿ.”

ಗುಂಡಣ್ಣ ಈ ಸಲ ಹಲ್ಲು ಕಚ್ಚಿಯೇ ತಳ್ಳಿದ. ಆದರೆ ಅದು ಬೆರಳು ತಾಗಿದ್ದೇ ತಡ ಮುಂದಕ್ಕೆ ಜಾರಿಬಿಟ್ಟಿತು, ಅವನು ಟ್ಯಾಂಕಿನ ಮೇಲೆ ಮುಗ್ಗರಿಸಿದ. ಇನ್ನೊಮ್ಮೆ ತಿರುಗಿಸಿ ಬಿಟ್ಟರು. ಯಾರೂ ಮುಟ್ಟದೆ ಇದ್ದರೂ ಅದು ಸ್ವಲ್ಪ ಸ್ವಲ್ಪವೇ ಜಾರುತ್ತ ತನ್ನ ಜಾಗಕ್ಕೆ ಮರಳಿತು.

ಪುಟ್ಟಲಕ್ಷ್ಮಿ ಬಗ್ಗಿ ಬಳೆಯನ್ನೇ ನೋಡಿದಳು. ತುಟಿಯ ಒಂದು ಕೊನೆ ಮೇಲೆ ಹೋಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಗುಂಡಣ್ಣ ಆ ಕೊನೆಯನ್ನು ಓದಲು ಕಲಿತಿದ್ದ. ಅದು ಮೇಲೆ ಹೋದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

“ರೀ, ಈ ಬಳೆಗೆ ಇಷ್ಟೇನಾ ಶಕ್ತಿ?”

“ನೋಡಿದ್ಯಲ್ಲ.”

“ನಿಮ್ಮ ಕಿರುಬೆರಳಿಗೆ ಸೋಲೋದು, ನೂರೀನ್ ಕೈಗೆ ಯಾಕೆ ಸೋಲಲಿಲ್ಲ?”

ಪುಟ್ಟಲಕ್ಷ್ಮಿ ಆಗಲೇ ಸೆರಗು ಸಿಕ್ಕಿಸಿಕೊಂಡು ಹಿಂದಿನ ಅಂಗಳಕ್ಕೆ ಹೊರಟಿದ್ದಳು.

ನೂರೀನಳ ಬೈಕು ಟಾರ್ಪಾಲಿನ ಕೆಳಗೆ ಹಾಗೆಯೇ ಇತ್ತು. ತೊಳೆಯಕೂಡದೆಂದು ಪುಟ್ಟಲಕ್ಷ್ಮಿಯೇ ಅಪ್ಪಣೆ ಮಾಡಿದ್ದಳು. ಹ್ಯಾಂಡಲಿನ ತುಂಬ ಕೆರೆಯ ಕೆಸರು ಒಣಗಿ ಗಟ್ಟಿಯಾಗಿತ್ತು, ಅಂತರಗಂಗೆಯ ಬೇರು ಎಡಗಡೆಯ ತಂತಿಗಳಿಗೆಲ್ಲ ಜಡೆಯಂತೆ ಸುತ್ತಿಕೊಂಡಿತ್ತು. ಬಲಹಿಡಿಯ ಹೊರತುದಿಯಲ್ಲಿ ಆ ಬಡಪಾಯಿ ರಬ್ಬರ್ ಬಳೆ.

ಅವಳು ಬಳೆಯನ್ನು ಕತ್ತರಿಸಿ ತೆಗೆದಳು. “ಈಗ ಲಾಕ್ ಇಲ್ಲ. ತಿರುಗಿಸಿ ನೋಡು, ಭೀಮರಾಜ.”

ಭೀಮರಾಜ್ ತಿರುಗಿಸಲು ನೋಡಿದ. ಕೈ ಬದಲಿಸಿ ನೋಡಿದ. “ಬರ್ತಿಲ್ಲ ಅಕ್ಕ.”

“ಹೊರತುದೀಲಿ ಏನೂ ಇಲ್ಲ. ಹಾಗಾದ್ರೆ ಒಳತುದಿ ನೋಡು.”

ಹಿಡಿ ಹೋಗಿ ಸ್ವಿಚ್ಚಿನ ಡಬ್ಬಿಗೆ ಸೇರುವ ಕಡೆ ಒಂದು ಕೂದಲೆಳೆಯ ಸಂದಿಯಿರುತ್ತದೆ. ಭೀಮರಾಜ್ ಅಲ್ಲಿನ ಕೆಸರು ಕೆರೆದು, ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಇಬ್ಭಾಗ ಮಾಡಿ, ಇಕ್ಕಳದಲ್ಲಿ ಏನನ್ನೋ ಎಳೆಯತೊಡಗಿದ. ಎಳೆದಷ್ಟೂ ಬಂತು. ಕೊನೆಗೆ ಅವನ ಅಂಗೈಯಲ್ಲಿ ಒಂದು ಕಪ್ಪು ದಾರದ ಸುರುಳಿ ಬಿದ್ದುಕೊಂಡಿತ್ತು. ಆಕ್ಸಿಲರೇಟರ್ ಪಟಕ್ಕನೆ ತನ್ನ ಜಾಗಕ್ಕೆ ಹೋಯಿತು.

“ಪಾಪ ಬಳೆ, ವಾರವೆಲ್ಲ ಬೈಸಿಕೊಂಡಿತು,” ಎಂದ ಗುಂಡಣ್ಣ. ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು. “ಕಪ್ಪು ದಾರ ಅಂದ್ರೆ ದೃಷ್ಟಿದಾರ. ಯಾರೋ ಗಾಡಿಗೆ ದೃಷ್ಟಿ ಆಗದಿರ್ಲಿ ಅಂತ ಕಟ್ಟಿದ್ದಾರೆ. ಕಟ್ಟಿದ್ದು ಒಳಗೆ ಎಳ್ಕೊಂಡಿದೆ.”

“ಯಾರೋ ಅಲ್ಲ,” ಎಂದಳು ಪುಟ್ಟಲಕ್ಷ್ಮಿ. ಅವಳ ದನಿಯಲ್ಲಿ ಖುಷಿಯಿರಲಿಲ್ಲ. “ಕೆರೆಯಿಂದ ಗಾಡಿ ಎತ್ತಿದ ದಿನ ನೂರೀನ್ ಅಜ್ಜ ಹಬೀಬುಲ್ಲಾ ಸಾಹೇಬರು ಅದರ ಹತ್ರ ಕೂಡ ಬರಲಿಲ್ಲ. ಅಷ್ಟು ದೂರ ನಿಂತು, ಯಾವ ಕಡೆ ಕಚ್ಕೊಂಡಿದ್ದು, ಬಲಗಡೇನಾ, ಬಲಗಡೇನಾ ಅಂತ ಕೇಳ್ತಾನೇ ಇದ್ರು. ಹತ್ತಿ, ಆರ್.ಟಿ. ನಗರಕ್ಕೆ ಹೋಗ್ಬೇಕು.”

ಹೊರಡುವ ಮುಂಚೆ ಅವಳು ಕಾಫಿ ದುಡ್ಡು ಕೊಟ್ಟು ರಬ್ಬರ್ ಬಳೆಯನ್ನು ಕೊಂಡಳು. ತನ್ನ ಗಾಡಿಗೆ ಹಾಕಿ, ಬೇಡದಾಗ ಅದನ್ನು ಹಿಡಿಯ ಮೇಲಕ್ಕೆ ಉರುಳಿಸಿಡುವುದು ಹೇಗೆಂದು ಎರಡು ಸಲ ಮಾಡಿ ನೋಡಿದಳು. ಹೆಬ್ಬಾಳದ ಹತ್ತಿರ ಗಾಡಿಗಳು ಆಮೆಯಂತೆ ತೆವಳುತ್ತಿದ್ದರೂ ಕೆರೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಗುಂಡಣ್ಣ ಹಿಂದೆ ಕೂತು ಖಾರಾ ಬನ್ ಮುರಿದು, ಅರ್ಧವನ್ನು ಹೆಲ್ಮೆಟ್ಟಿನ ಸಂದಿಯಿಂದ ಹೆಂಡತಿಯ ಬಾಯಿಗಿಟ್ಟ. ಇಬ್ಬರೂ ತಿನ್ನುತ್ತಲೇ ಫ್ಲೈಓವರ್ ದಾಟಿದರು.

ಹಬೀಬುಲ್ಲಾ ಸಾಹೇಬರ ಟೈಲರ್ ಅಂಗಡಿ ಆರ್.ಟಿ. ನಗರದ ಒಳರಸ್ತೆಯಲ್ಲಿ. ಸುತ್ತಲಿನ ಎಷ್ಟೋ ಮದುವೆ ಗಂಡುಗಳು ಅವರು ಹೊಲಿದ ಶೇರ್ವಾನಿಯಲ್ಲೇ ನಿಕಾಹ್‌ಗೆ ಕೂತವರು. ಈಗ ಅವರ ಮಷಿನ್ನಿನ ಕೆಳಗೆ ಕಿತ್ತಳೆ ಬಣ್ಣದ ಕೋಟಿತ್ತು, ಬೆನ್ನಿನ ಮೇಲೆ ಹೊಳೆಯುವ ಪಟ್ಟಿ ಕೂರಿಸುತ್ತಿದ್ದರು.

“ಬನ್ನಿ ಬನ್ನಿ, ಅಮ್ಮಾ. ಗುಂಡಣ್ಣೋರೆ, ಕೂತ್ಕೊಳಿ. ಸುಲೇಮಾನಿ ಚಾ ತರಿಸ್ತೀನಿ. ನೋಡಿ ಇದು, ನಮ್ಮ ನೂರೀನ್ ಕೋಟು. ಕತ್ತಲಲ್ಲೂ ಫಳಫಳ ಅನ್ನಬೇಕು.”

ಮೊಮ್ಮಗಳು ಬೈಕ್ ಓಡಿಸಬಾರದೆಂದು ಮನೆಯವರೆಲ್ಲ ಎದುರು ನಿಂತಾಗ ಕೀಲಿಕೈ ತಂದು ಅವಳ ಕೈಗಿಟ್ಟವರು ಈ ಮುದುಕರೇ. ಅದು ಗುಂಡಣ್ಣನಿಗೆ ಗೊತ್ತಿತ್ತು. ಹೆಂಡತಿ ಬ್ಯಾಗಿಗೆ ಕೈ ಹಾಕಿದಾಗ, ಬೇಡ, ಈಗ ಬೇಡ, ಚಾ ಕುಡಿದ ಮೇಲೆ ಅನ್ನಬೇಕೆನಿಸಿತು. ಆದರೆ ಅವಳು ಕಪ್ಪು ದಾರವನ್ನು ಕಿತ್ತಳೆ ಬಟ್ಟೆಯ ಮೇಲೆ ಇಟ್ಟಾಗಿತ್ತು.

ಮಷಿನ್ ನಿಂತಿತು.

“ನೂರೀನ್ ಗಾಡೀಲಿ ಸಿಕ್ತು,” ಎಂದಳು ಪುಟ್ಟಲಕ್ಷ್ಮಿ. “ಆಕ್ಸಿಲರೇಟರ್ ಕಚ್ಕೊಳೋ ಹಾಗೆ ಮಾಡಿದ್ದು ಇದೇ.”

ಹಬೀಬುಲ್ಲಾ ಸಾಹೇಬರು ದಾರವನ್ನು ಮುಟ್ಟಲಿಲ್ಲ. ನೋಡುವುದಕ್ಕೂ ಅವರಿಂದಾಗಲಿಲ್ಲ, ಮುಖ ಆ ಕಡೆ ತಿರುಗಿಸಿದರು.

“ಬಲಗಡೇನಾ?”

“ಬಲಗಡೆ.”

“ಯಾ ಅಲ್ಲಾ.” ಅವರು ಮಷಿನ್ನಿನ ಮೇಲಿಂದ ಕೈ ತೆಗೆದರು. “ನಾನೇ ಅಮ್ಮಾ. ನಾನೇ ಕಟ್ಟಿದ್ದು. ಅಜ್ಮೇರಿಂದ ತಂದ ತಾಯತ. ಅವಳು ನೋಡಿದ್ರೆ ನಗ್ತಾಳೆ ಅಂತ, ಭಾನುವಾರ ಅವಳು ಏಳೋ ಮುಂಚೆ ಕೆಳಗೆ ಹೋದೆ. ಕರೆಂಟ್ ಇರಲಿಲ್ಲ. ಕನ್ನಡಕ ಮೇಲೇ ಬಿಟ್ಟಿದ್ದೆ. ಹ್ಯಾಂಡಲ್ ಕೈಗೆ ಸಿಕ್ತು, ಅದರ ಬುಡಕ್ಕೆ ಕಟ್ಟಿದೆ. ಬಲವೋ ಎಡವೋ ಯಾರು ನೋಡಿದ್ರು? ಗಾಡಿ ಕೆರೆಗೆ ಹೋಯ್ತು ಅಂತ ಫೋನ್ ಬಂದಾಗಿಂದ ಅದೇ ಯೋಚನೆ, ಕಟ್ಟಿದ್ದು ಬಲಗಡೆ ಆಗದಿರ್ಲಿ, ಬಲಗಡೆ ಆಗದಿರ್ಲಿ.”

“ದಾರ ಇಲ್ಲಿದೆ. ತಾಯತ ಎಲ್ಲಿ?”

“ಕೆರೇಲಿ ಬಿದ್ದಿರುತ್ತೆ.”

ಪುಟ್ಟಲಕ್ಷ್ಮಿಯ ಹುಬ್ಬು ಒಂದು ಗಳಿಗೆ ಗಂಟಾಯಿತು. ಆದರೆ ಎದುರಿಗೆ ಕೂತ ಮುದುಕರ ಕಣ್ಣು ತುಂಬಿಕೊಳ್ಳುತ್ತಿತ್ತು, ಅವಳು ಆ ಪ್ರಶ್ನೆಯನ್ನು ಮುಂದುವರಿಸಲಿಲ್ಲ.

“ಸಾಹೇಬ್ರೇ, ಸಂಜೆ ಸಭೇಲಿ ಇದನ್ನ ಹೇಳಲೇಬೇಕು. ಇಲ್ಲಾಂದ್ರೆ ಈ ಕೋಟು ನೂರೀನ್ ಮೈಮೇಲೆ ಬರಲ್ಲ.”

“ಹೇಳಿದ್ರೆ ಅವಳು ನನ್ನ ಮುಖ ನೋಡಲ್ಲ. ಮನೇಲಿ ಎಲ್ಲರ ಮುಂದೆ ಎದೆ ತಟ್ಕೊಂಡು, ನನ್ನ ಪೋತಿಗೆ, ಮೊಮ್ಮಗಳಿಗೆ, ಏನೂ ಆಗಲ್ಲ ಅಂದಿದ್ದೆ. ಅವಳನ್ನ ಬೀಳಿಸಿದ್ದು ನಾನೇ ಅಂತ ಹೇಗೆ ಹೇಳಲಿ, ಅಮ್ಮಾ?”

“ನೀವು ಹೇಳ್ತೀರೋ, ನಾನು ಹೇಳಲೋ?”

ಸಾಹೇಬರು ಕಿತ್ತಳೆ ಕೋಟನ್ನೊಮ್ಮೆ ಸವರಿದರು. ಚಾ ಬಂತು, ಆರಿತು. ಆಮೇಲೆ ಮಷಿನ್ ಮತ್ತೆ ತಿರುಗಿತು, ಕೊನೆಯ ಹೊಲಿಗೆ ಮುಗಿಯಿತು. ಕೋಟನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಎದ್ದರು.

“ಆಟೋ ಕರೀರಿ, ಗುಂಡಣ್ಣೋರೆ. ದಾರೀಲಿ ಜಿಲೇಬಿ ತಗೋಬೇಕು. ಕ್ಷಮೆ ಕೇಳೋಕೆ ಬರಿಗೈಲಿ ಹೋಗಬಾರದು.”

ಇಂಥ ಮನುಷ್ಯನ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದುಕೊಂಡು ಗುಂಡಣ್ಣ ಬೈಕಿನ ಹಿಂದಿನ ಸೀಟು ಬಿಟ್ಟು ತಾನೂ ಆಟೋ ಹತ್ತಿದ. ಜಿಲೇಬಿಯ ಪೊಟ್ಟಣ ದಾರಿಯುದ್ದಕ್ಕೂ ಅವನ ತೊಡೆಯ ಮೇಲೇ ಇತ್ತು. ಅವನು ಒಂದನ್ನೂ ತಿನ್ನಲಿಲ್ಲ ಎಂದು ಈ ಧಾರಾವಾಹಿ ಪ್ರಮಾಣ ಮಾಡಲಾರದು.

ಸಂಜೆ ಭೀಮರಾಜನ ಅಂಗಳದಲ್ಲಿ ಬೈಕುಗಳು ಬೇಲಿಗುಂಟ ಸಾಲಾಗಿ ನಿಂತಿದ್ದವು. ನಾಳೆ ಹೊರಡುವವರೆಲ್ಲ ಬಂದಿದ್ದರು. ನೂರೀನ್ ಹೊಂಗೆಮರಕ್ಕೆ ಒರಗಿ, ಹೆಲ್ಮೆಟ್ಟಿನ ಬೆಲ್ಟನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಖಾಸಗಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಹುಡುಗಿ. ಸದಾ ನಗುವ ಮುಖ ಇವತ್ತು ಬಿಗಿದುಕೊಂಡಿತ್ತು.

“ನನಗೆ ಯಾರ ಮೇಲೂ ಪರ್ಸನಲ್ ಕೋಪ ಇಲ್ಲ,” ಎಂದು ಶ್ರೀಕಾಂತ್ ಶುರುಮಾಡಿದ. “ಆದ್ರೆ ನಲ್ಲಿ ವಾಷರ್ ಹಾಕ್ಕೊಂಡು ಹೈವೇಗೆ ಬರೋದು ಅಂದ್ರೆ ಸೇಫ್ಟಿ ಬಗ್ಗೆ ಎಷ್ಟು ಕೇರ್ ಇದೆ ಅಂತ ಗೊತ್ತಾಗುತ್ತೆ. ಲೀಡ್ ಮಾಡೋರು ಹೀಗಿದ್ರೆ ಹಿಂದೆ ಬರೋರ ಗತಿ?”

“ಬಿಡು ಗುರು, ಅವಳು ನಮ್ಮೆಲ್ಲರಿಗಿಂತ ಚೆನ್ನಾಗಿ ಓಡಿಸ್ತಾಳೆ,” ಎಂದ ಗುರುಚರಣ್. ಅಂದು ಎಲ್ಲರಿಗಿಂತ ಮೊದಲು ಕೆರೆಗೆ ಹಾರಿ ನೂರೀನಳನ್ನು ಹಿಡಿದೆತ್ತಿ, ಗಾಡಿಯ ಕೀಲಿ ಆಫ್ ಮಾಡಿದವನು ಅವನೇ. ಮೃದು ಮಾತಿನ ಹುಡುಗ, ಸವಾರಿಯಲ್ಲಿ ಯಾವಾಗಲೂ ಕಟ್ಟಕಡೆಗೆ ಬರುವವನು. “ಒಂದು ಸಲ ಬಿದ್ದಿದ್ದಕ್ಕೆ ಯಾಕೆ ಇಷ್ಟು ದೊಡ್ಡದು ಮಾಡ್ತೀಯ?”

ಪುಟ್ಟಲಕ್ಷ್ಮಿ ತನ್ನ ಬೈಕನ್ನು ಅಂಗಳದ ನಡುವೆ ತಂದು ನಿಲ್ಲಿಸಿದಳು. “ಶ್ರೀಕಾಂತ್, ಬನ್ನಿ ಕೂತ್ಕೊಳಿ. ನಲ್ಲಿ ವಾಷರ್ ಹಾಕಿದೀನಿ. ತಿರುಗಿಸಿ ಕೈ ಬಿಡಿ. ಆಮೇಲೆ ಕಿರುಬೆರಳಲ್ಲಿ ತಳ್ಳಿ.”

ಶ್ರೀಕಾಂತ್ ತಿರುಗಿಸಿದ, ಬಿಟ್ಟ, ತಳ್ಳಿದ. ಇನ್ನೊಮ್ಮೆ ಮಾಡಿದ. ಮೂರನೆಯ ಸಲ ಮಾಡುವಾಗ ಅವನ ಮುಖದಲ್ಲಿ ಅನುಮಾನ ಹೋಗಿ ಆಸೆ ಬಂದಿತ್ತು. “ಇದು ನನ್ನದಕ್ಕಿಂತ ಸಲೀಸಾಗಿದೆಯಲ್ಲ ಮೇಡಂ.”

“ಪಕ್ಕದ ಅಂಗಡೀಲೇ ಸಿಗ್ತದೆ ಸಾರ್,” ಎಂದ ಭೀಮರಾಜ್, ತನ್ನ ಅಂಗಡಿಯ ವೆಲ್ವೆಟ್ ಪೆಟ್ಟಿಗೆಯನ್ನು ಮರೆತು.

ಅಂಗಳದಲ್ಲಿ ನಗು ಎದ್ದಿತು. ನಗು ತಗ್ಗಿದ ಮೇಲೆ ಪುಟ್ಟಲಕ್ಷ್ಮಿ ಕಪ್ಪು ದಾರವನ್ನು ಎತ್ತಿಹಿಡಿದು, ಅದು ಸಿಕ್ಕ ಸಂದಿಯನ್ನು ತೋರಿಸಿದಳು. ಬಳೆಯ ತಪ್ಪಲ್ಲ, ಬಳೆ ತೊಡಿಸಿದವಳ ತಪ್ಪೂ ಅಲ್ಲ ಎಂದಳು.

“ಹಾಗಾದ್ರೆ ದಾರ ಕಟ್ಟಿದ್ದು ಯಾರು?” ಎಂದ ಶ್ರೀಕಾಂತ್.

ಹಬೀಬುಲ್ಲಾ ಸಾಹೇಬರು ಮುಂದೆ ಬಂದರು. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಸ್ವಲ್ಪ ಹಗುರಾಗಿದ್ದ ಜಿಲೇಬಿ ಪೊಟ್ಟಣ. ಅಂಗಡಿಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದರು, ಆದರೆ ಕಣ್ಣು ನೆಲದ ಮೇಲಿತ್ತು. “ಬೇಟಾ, ನಿನ್ನನ್ನ ಕಾಯಲಿ ಅಂತ ಕಟ್ಟಿದ್ದು. ನಾನೇ ಬೀಳಿಸಿದೆ.”

ನೂರೀನ್ ಅವರನ್ನು ನೋಡಿದಳು.

“ದಾದಾ,” ಎಂದಳು ಅವಳು, “ಮನೇಲಿ ಸೂಜಿಗೆ ದಾರ ಪೋಣಿಸೋಕೆ ಕೂಡ ನನ್ನನ್ನ ಕರೀತೀರ. ಇದಕ್ಕೆ ಮಾತ್ರ ಕರೀಲಿಲ್ವಾ?” ಅಷ್ಟು ಹೇಳಿ ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡು ಅವರನ್ನು ತಬ್ಬಿಕೊಂಡಳು. ಮುದುಕರು ಅವಳ ಬೆನ್ನಿನ ಮೇಲೆಯೇ ಕೋಟನ್ನು ಹರಡಿ ಭುಜದ ಅಳತೆ ಸರಿಯಿದೆಯೇ ಎಂದು ನೋಡಿದರು. ಗುಂಡಣ್ಣನಿಗೂ ಕಣ್ಣು ಮಂಜಾಯಿತು, ಅದಕ್ಕೆ ಅವನು ನಾಚಿಕೊಳ್ಳಲಿಲ್ಲ.

“ಸಾರಿ, ನೂರೀನ್,” ಎಂದ ಶ್ರೀಕಾಂತ್. ಅವನ ದನಿಯಲ್ಲಿ ಬಿಗುಮಾನವಿರಲಿಲ್ಲ. “ನಾಳೆ ನಿನ್ನ ಹಿಂದೆ ಬರೋ ಮೊದಲನೇ ಗಾಡಿ ನಂದು.”

ಒಬ್ಬೊಬ್ಬರಾಗಿ ಎಲ್ಲರೂ ಹೆಲ್ಮೆಟ್ ಮೇಲಕ್ಕೆತ್ತಿದರು. ‘ಕೆರೆ ಏರಿ’ ಬಳಗದಲ್ಲಿ ಒಪ್ಪಿಗೆ ಕೊಡುವ ಕ್ರಮವೇ ಅದು. ಗುಂಡಣ್ಣ ಜಿಲೇಬಿ ಹಂಚುವ ಜವಾಬ್ದಾರಿಯನ್ನು ಯಾರೂ ಕೇಳದೆಯೇ ವಹಿಸಿಕೊಂಡ. ನಾಳೆಗೆ ಗಾಡಿ ಸಿದ್ಧವಾಗಬೇಕಲ್ಲ ಎಂದು ಭೀಮರಾಜ್ ಪಂಪ್ ಹಚ್ಚಿ ನೂರೀನಳ ಬೈಕಿಗೆ ನೀರು ಹೊಡೆಯತೊಡಗಿದ. ವಾರದ ಕೆಸರು ಕರಗಿ ಹರಿಯಿತು. ಅಂತರಗಂಗೆಯ ಜಡೆಯನ್ನು ಅವನು ಕೈಹಾಕಿ ಕಿತ್ತ.

“ಅಕ್ಕ, ಇಲ್ಲೇನೋ ಐತೆ.”

ಎಡಹಿಡಿಯ ಬುಡದಲ್ಲಿ, ಕ್ಲಚ್ಚಿನ ತಂತಿ ಹೊರಡುವ ಕಡೆ, ಒಂದು ಪುಟ್ಟ ಬೆಳ್ಳಿಯ ತಾಯತ ನೇತಾಡುತ್ತಿತ್ತು. ಅದರ ಕಪ್ಪು ದಾರ ಇಡಿಯಾಗಿತ್ತು, ಗಂಟು ಕೂಡ ಬಿಚ್ಚಿರಲಿಲ್ಲ.

ಹಬೀಬುಲ್ಲಾ ಸಾಹೇಬರು ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಅವರ ಮುಖ ಅರಳಿದ ಪರಿಯನ್ನು ಗುಂಡಣ್ಣ ಇಡೀ ಜನ್ಮದಲ್ಲಿ ಮರೆಯುವಂತಿರಲಿಲ್ಲ.

“ಇದು ನಂದು. ನನ್ನ ಗಂಟು ಇದು. ಎಡಗಡೆ ಕಟ್ಟಿದೀನಿ, ನೋಡಿ, ಎಡಗಡೆ. ಬೇಟಾ, ನಾನು ಬೀಳಿಸಿಲ್ಲ. ನಾನಲ್ಲ ಕಣಮ್ಮಾ, ನಾನಲ್ಲ.” ಎಪ್ಪತ್ತು ದಾಟಿದ ಮುದುಕರು ಪೊಟ್ಟಣವನ್ನು ಗುಂಡಣ್ಣನ ಕೈಯಿಂದ ಕಿತ್ತುಕೊಂಡು, ಸಿಕ್ಕವರ ಬಾಯಿಗೆಲ್ಲ ಜಿಲೇಬಿ ತುರುಕುತ್ತ ಅಂಗಳದ ತುಂಬ ಓಡಾಡಿದರು. ಶ್ರೀಕಾಂತನಿಗೆ ಎರಡು ಕೊಟ್ಟರು.

ಗುಂಡಣ್ಣನೂ ನಕ್ಕ. ಸಾಹೇಬರು ಗೆದ್ದರು, ನೂರೀನ್ ಗೆದ್ದಳು, ಇನ್ನೇನು ಬೇಕು ಎಂದುಕೊಂಡು ಹೆಂಡತಿಯ ಕಡೆ ತಿರುಗಿದ. ಪುಟ್ಟಲಕ್ಷ್ಮಿ ನಗುತ್ತಿರಲಿಲ್ಲ. ಅವಳ ಅಂಗೈಯಲ್ಲಿ ಆ ಇನ್ನೊಂದು ದಾರ ಇನ್ನೂ ಇತ್ತು.

ಗುಂಡಣ್ಣನ ಬಾಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು. ಮುದುಕರದ್ದಲ್ಲದಿದ್ದರೆ, ಇದು ಯಾರದ್ದು?

ನೂರೀನಳಿಗೂ ಹೊಳೆದಿತ್ತು. ಅವಳು ಅಜ್ಜನ ಸಂಭ್ರಮಕ್ಕೆ ಕೇಳಿಸದಂತೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಆಂಟಿ, ಮನೆಯಿಂದ ತಿಂಡಿ ಹೋಟ್ಲುವರೆಗೂ ಗಾಡಿ ಸರಿಯಾಗೇ ಇತ್ತು. ಆಕ್ಸಿಲರೇಟರ್ ಬಿಗಿ ಅನ್ಸಿದ್ದು ಅಲ್ಲಿಂದ ಹೊರಟ ಮೇಲೆ.”

“ಅಂದ್ರೆ ತಿಂಡಿಗೆ ನಿಂತಾಗ ಸುತ್ತಿದ್ದಾರೆ,” ಎಂದಳು ಪುಟ್ಟಲಕ್ಷ್ಮಿ. “ಅಲ್ಲಿ ಗಾಡಿಗಳ ಹತ್ರ ನಮ್ಮ ಬಳಗದವರು ಬಿಟ್ರೆ ಇನ್ಯಾರೂ ಇರಲಿಲ್ಲ.”

“ನಾನು ನಾಳೆ ಹೋಗೇ ಹೋಗ್ತೀನಿ ಆಂಟಿ. ಮುಂದೇನೇ ಹೋಗ್ತೀನಿ.”

“ಹೋಗುವೆಯಂತೆ. ರೀ, ಮೊದಲು ಗೇಟ್ ಹಾಕಿ ಬನ್ನಿ. ಯಾರನ್ನೂ ಹೊರಗೆ ಬಿಡ್ಬೇಡಿ.”

ಗುಂಡಣ್ಣ ಓಡಿದ. ಹಿಂದೆ ಪಂಪಿನ ಸದ್ದು, ಸಾಹೇಬರ ನಗು. ಗೇಟು ಆಗಲೇ ಹಾರು ಹೊಡೆದಿತ್ತು. ಬೇಲಿಗುಂಟ ನಿಂತ ಬೈಕುಗಳ ಸಾಲಿನಲ್ಲಿ ಕಟ್ಟಕಡೆಯ ಜಾಗ ಖಾಲಿಯಿತ್ತು, ನೆಲದ ಮೇಲೆ ಗುರುಚರಣನ ಹೆಲ್ಮೆಟ್ ಮಾತ್ರ ಬಿದ್ದಿತ್ತು.